ರೇಡಿಯೋದಲ್ಲಿ ಜಾರಿಬಿದ್ದ ಮನುಷ್ಯ

ಕೆಲವು ವಿಷಯ ಒಂದ್ಸಲ ಓದಿದ್ರೆ ಸಾಕು, ತಲೆಯಿಂದ ಹೋಗೋದೇ ಇಲ್ಲ. ನನಗೆ ಇತ್ತೀಚೆಗೆ ಹಾಗೆ ಅಂಟಿಕೊಂಡಿರೋದು ಇದು: ಮಾತಿಗಿಂತ ಮೈಯಿಂದಲೇ ನಗಿಸ್ತಿದ್ದ ಒಬ್ಬ ನಟ, ಮೂಕಿ ಸಿನಿಮಾದಲ್ಲಿ ಬಿದ್ದು ಎದ್ದು ಹೊಟ್ಟೆ ಹೊರೆದವನು, ಕೊನೆಗೆ ನಲವತ್ತೈದನೇ ವಯಸ್ಸಲ್ಲಿ ದೊಡ್ಡ ಸ್ಟಾರ್ ಆಗಿದ್ದು ರೇಡಿಯೋದಿಂದ. ಹೌದು, ರೇಡಿಯೋದಿಂದ. ಅವನು ಬೀಳೋದು ಯಾರಿಗೂ ಕಾಣಿಸ್ತಿರಲಿಲ್ಲ, ಎದ್ದಿದ್ದೂ ಕಾಣಿಸಲಿಲ್ಲ, ಥಿಯೇಟರಲ್ಲಿ ಕೂತವರು ನಕ್ಕಿದ್ದಷ್ಟೇ ಕೇಳಿಸಿದ್ದು, ಅಷ್ಟಕ್ಕೇ ದೇಶ ಟಿಕೆಟ್ಟಿಗೆ ಮುಗಿಬಿತ್ತು. ಅವನ ಹೆಸರು ಲುಪಿನೋ ಲೇನ್. 1892ರಲ್ಲಿ ಲಂಡನ್ನಲ್ಲಿ ಹುಟ್ಟಿದ, ಮನೆಯವರು ಇಟ್ಟ ಹೆಸರು ಹೆನ್ರಿ ಜಾರ್ಜ್ ಲುಪಿನೋ. ಮ್ಯೂಸಿಕಲ್ ಕಾಮಿಡಿ, ಅಂದ್ರೆ ಹಾಡು ಕುಣಿತ ಇರೋ ತಮಾಷೆ ನಾಟಕ, ಅದರ ಚರಿತ್ರೆ ಬರೆಯೋರು ಆ ವರ್ಷವನ್ನೇ ಆ ಪ್ರಕಾರದ ಶುರು ಅಂತ ಹಿಡೀತಾರೆ, ಅಂದ್ರೆ ಇವನೂ ಅದೂ ಒಂದೇ ವಯಸ್ಸಿನವು.

ಇವನ ಹಿಂದೆ ನಾನು ಬಿದ್ದಿದ್ದು ಹೇಗೆ ಅಂದ್ರೆ, 2022ರ ಜೂನ್‌ನಲ್ಲಿ ರಾಣಿಯ ಜುಬಿಲಿ ಅಂತ ಇಲ್ಲಿ ಲಂಡನ್ನಲ್ಲಿ ಬೀದಿಬೀದಿಯಲ್ಲೂ ಪಾರ್ಟಿ. ನಮ್ಮ ರಸ್ತೆಗೂ ಕಾರು ಬರದಂತೆ ಅಡ್ಡ ಹಾಕಿ ಉದ್ದಕ್ಕೂ ಟೇಬಲ್ ಜೋಡಿಸಿದ್ರು, ನಾವು ಒಂದು ದೊಡ್ಡ ಡಬ್ಬಿ ಪುಳಿಯೋಗರೆ ತಗೊಂಡು ಹೋಗಿದ್ವಿ (ಖಾಲಿಯಾಯ್ತು, ಅದು ಬೇರೆ ಕಥೆ). ಮಧ್ಯಾಹ್ನ ಯಾರೋ ಸ್ಪೀಕರ್‌ನಲ್ಲಿ ಹಳೇ ಹಾಡು ಹಾಕಿದ್ರು. ಅದುವರೆಗೂ ಕುರ್ಚಿ ಬಿಟ್ಟು ಏಳದೇ ಇದ್ದ ಅಜ್ಜಿಯರು ಎದ್ದುಬಿಟ್ರು! ಮೊಣಕೈ ಹೊರಕ್ಕೆ ಚಾಚಿ, ಎದೆ ಸೆಟೆದು, ಏನೋ ಈ ರಸ್ತೆಯೇ ನಮ್ಮದು ಅನ್ನೋ ಗತ್ತಲ್ಲಿ ನಡೆದು, ಮೊಣಕಾಲು ತಟ್ಟಿ, ಹೆಬ್ಬೆರಳನ್ನ ಭುಜದ ಮೇಲಿಂದ ಹಿಂದಕ್ಕೆ ಝಾಡಿಸಿ, ಎಲ್ಲರೂ ಒಟ್ಟಿಗೆ "ಓಯ್!" ನನ್ನ ಮಗಳು ಎರಡನೇ ಸುತ್ತಿಗೇ ಕಲಿತುಬಿಟ್ಲು, ನನಗೆ ಮಾತ್ರ ಹೆಬ್ಬೆರಳು ಯಾವಾಗ ಎತ್ತಬೇಕು ಅನ್ನೋದು ಕೊನೇವರೆಗೂ ಹತ್ತಲಿಲ್ಲ. ಪಕ್ಕದ ಮನೆ ಅಜ್ಜಿಯನ್ನ ಇದು ಯಾರದು ಅಂತ ಕೇಳಿದೆ. ಲ್ಯಾಂಬೆತ್ ವಾಕ್ ಅಂದ್ರು. ಅಲ್ಲ, ಮಾಡಿದ್ದು ಯಾರು? "ಯಾರೂ ಮಾಡಿಲ್ಲಪ್ಪ, ಮೊದಲಿಂದಲೂ ಇದೆ, ನಮ್ಮಮ್ಮ ಅಡುಗೆಮನೆಯಲ್ಲಿ ಕಲಿಸಿದ್ದು" ಅಂದ್ರು.

ಮಾಡಿದವರು ಇದ್ರು, ದಿನಾಂಕ ಸಮೇತ ಇದೆ. 1937ರ ಡಿಸೆಂಬರ್ 16, ವಿಕ್ಟೋರಿಯಾ ಪ್ಯಾಲೆಸ್ ಥಿಯೇಟರ್, ಇದೇ ಲೇನ್‌ನ ಶೋ. ಈಗ ಅಲ್ಲಿ ಹ್ಯಾಮಿಲ್ಟನ್ ಅನ್ನೋ ಮ್ಯೂಸಿಕಲ್ ನಡೀತಿದೆ, ವಿಕ್ಟೋರಿಯಾ ಸ್ಟೇಷನ್ನಿಂದ ಹೊರಗೆ ಬಂದ್ರೆ ಎದುರಿಗೇ ಕಾಣುತ್ತೆ.

ನೆಲದ ಕೆಳಗಿಂದ ಬರೋ ಮನೆತನ

ಲುಪಿನೋಗಳದ್ದು ತಲೆಮಾರುಗಳಿಂದ ನಾಟಕದ ಮನೆ. ಇಟಲಿಯಿಂದ ಗೊಂಬೆಯಾಟ ಆಡಿಸ್ಕೊಂಡು ಬಂದೋರು ನಾವು ಅಂತ ಅವರೇ ಹೇಳ್ಕೋತಿದ್ರು, ಅದರಲ್ಲಿ ಎಷ್ಟು ನಿಜ ಎಷ್ಟು ಮನೆಮಾತು ಅನ್ನೋದು ಬಿಡಿ, ಮಗು ನಡೆಯೋಕೆ ಶುರು ಮಾಡ್ತಿದ್ದ ಹಾಗೇ ಲಾಗ ಹಾಕೋದು ಕಲಿಸೋ ಮನೆ ಅನ್ನೋದಂತೂ ನಿಜ. ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಎಲ್ಲರೂ ಅದೇ ಕಸುಬು. ಕಸಿನ್ ಸ್ಟ್ಯಾನ್ಲಿ ಲುಪಿನೋ ಕೂಡ ಮ್ಯೂಸಿಕಲ್ ಕಾಮಿಡಿಯ ದೊಡ್ಡ ಹೆಸರು, ಅವನ ಮಗಳೇ ಹಾಲಿವುಡ್‌ನಲ್ಲಿ ನಟಿಯಾಗಿ ಆಮೇಲೆ ಡೈರೆಕ್ಟರ್ ಆದ ಐಡಾ ಲುಪಿನೋ. ನಮ್ಮ ಹೆನ್ರಿ ನಾಲ್ಕು ವರ್ಷದ ಮಗುವಾಗಿದ್ದಾಗಲೇ ಸ್ಟೇಜ್ ಹತ್ತಿದ. 1903ರಲ್ಲಿ ಲಂಡನ್ ಪೆವಿಲಿಯನ್‌ನಲ್ಲಿ "ನಿಪ್ಪರ್ ಲೇನ್" ಅಂತ ಪುಟಾಣಿ ಕಾಮಿಡಿಯನ್ ಆಗಿ ಕಾಣಿಸಿಕೊಂಡ. ನಿಪ್ಪರ್ ಅಂದ್ರೆ ಅವರ ಬೀದಿ ಮಾತಲ್ಲಿ ಚೋಟುದ್ದದ ಹುಡುಗ ಅಂತ, ಆಳು ಕೊನೇವರೆಗೂ ಕುಳ್ಳನೇ ಆಗಿದ್ರಿಂದ ಆ ಅಡ್ಡಹೆಸರೂ ಬಿಡಲಿಲ್ಲ. ಲೇನ್ ಅನ್ನೋದು ಅಜ್ಜಿ ಕಡೆಯಿಂದ ಬಂದಿದ್ದು. ಸ್ವಂತ ಅಜ್ಜಿ ಅಲ್ಲ, ಅಜ್ಜಿ ವರಸೆಯ ಸಾರಾ ಲೇನ್, ಹಾಕ್ಸ್‌ಟನ್‌ನಲ್ಲಿ ಬ್ರಿಟಾನಿಯಾ ಥಿಯೇಟರ್ ನಡೆಸ್ತಿದ್ದ ಗಟ್ಟಿಗಿತ್ತಿ, ಜನ ಆಕೇನ "ಹಾಕ್ಸ್‌ಟನ್ನಿನ ರಾಣಿ" ಅಂತಲೇ ಕರೀತಿದ್ರು.

ಇಲ್ಲಿ ಸ್ಟಾರ್ ಟ್ರ್ಯಾಪ್ ಬಗ್ಗೆ ಹೇಳಲೇಬೇಕು, ಇಲ್ಲಾಂದ್ರೆ ಈ ಮನುಷ್ಯ ಅರ್ಥ ಆಗಲ್ಲ. ಹಳೇ ಪ್ಯಾಂಟೊಮೈಮ್ (ಕ್ರಿಸ್‌ಮಸ್ ಹೊತ್ತಿಗೆ ಆಡೋ ಹಾಡು ತಮಾಷೆಯ ನಾಟಕ) ಸ್ಟೇಜುಗಳ ಹಲಗೆಯಲ್ಲಿ ಒಂದು ಗುಂಡನೆ ತೂತು ಇರೋದು, ಅದನ್ನ ಮುಚ್ಚೋಕೆ ತ್ರಿಕೋನದ ಮರದ ಚೂರುಗಳು, ಎಲ್ಲದರ ಚೂಪು ತುದಿ ಮಧ್ಯಕ್ಕೆ ಬಂದು ಸೇರೋದು, ಮೇಲಿಂದ ನೋಡಿದ್ರೆ ನಕ್ಷತ್ರ. ಕೆಳಗಡೆ ಕತ್ತಲಲ್ಲಿ ಒಂದು ಪುಟ್ಟ ಮಣೆ, ಅದರ ಮೇಲೆ ನಟ ಕೈಯನ್ನ ಮೈಗೆ ಅಂಟಿಸ್ಕೊಂಡು ಕಡ್ಡಿ ಹಾಗೆ ನೆಟ್ಟಗೆ ನಿಂತಿರ್ತಾನೆ. ಮಣೆಗೆ ಹಗ್ಗ, ಹಗ್ಗದ ಇನ್ನೊಂದು ತುದಿಗೆ ನಟನಿಗಿಂತ ಎಷ್ಟೋ ಹೆಚ್ಚು ಭಾರದ ಕಬ್ಬಿಣ. ಸಂಜ್ಞೆ ಸಿಕ್ಕಿದ ತಕ್ಷಣ ಆಳುಗಳು ಭಾರ ಬಿಡ್ತಾರೆ, ಮಣೆ ದಢಾರ್ ಅಂತ ಮೇಲಕ್ಕೆ ಬರುತ್ತೆ, ಮರದ ಚೂರುಗಳನ್ನ ತಲೆಯಲ್ಲೇ ತಳ್ಕೊಂಡು ನಟ ಗಾಳಿಗೆ ಚಿಮ್ತಾನೆ, ಅವನು ಕೆಳಗೆ ಬರೋಷ್ಟರಲ್ಲಿ ಚೂರುಗಳು ಮುಚ್ಕೊಂಡಿರಬೇಕು, ಅವನು ಅದರ ಮೇಲೇ ಕಾಲೂರಿ ನಿಲ್ಲಬೇಕು. ಮೊಣಕೈ ಒಂದಿಂಚು ಹೊರಗಿದ್ರೆ ಮುರೀತು. ಭಾರ ಲೆಕ್ಕ ತಪ್ಪಿದ್ರೆ ಅರ್ಧಕ್ಕೇ ಸಿಕ್ಕಿಹಾಕ್ಕೊಂಡ. ನೋಡೋರಿಗೆ ಮಾತ್ರ ಏನೂ ಇಲ್ಲದ ನೆಲದಿಂದ ಭೂತ ಎದ್ದು ಬಂತು, ಅಷ್ಟೇ. ಈ ಕಲೆಯಲ್ಲಿ ಲುಪಿನೋಗಳನ್ನ ಮೀರಿಸಿದವರು ಕಮ್ಮಿ, ಲೇನ್ ಅಂತೂ ಅದರಲ್ಲೇ ಬೆಳೆದವನು. ಬೇರೆ ಹುಡುಗರು ಮಗ್ಗಿ ಬಾಯಿಪಾಠ ಮಾಡೋ ವಯಸ್ಸಲ್ಲಿ ಇವನು ಹೇಗೆ ಬಿದ್ರೆ ಯಾವ ಮೂಳೆ ಉಳಿಯುತ್ತೆ ಅನ್ನೋದನ್ನ ಬಾಯಿಪಾಠ ಮಾಡ್ತಿದ್ದ.

ಸಮುದ್ರದ ಆಚೆ ಈಚೆ

ಇವನ ಕೆರಿಯರ್‌ನ ಮಧ್ಯಭಾಗ ಓದ್ತಾ ಹೋದ್ರೆ ತಲೆ ತಿರುಗುತ್ತೆ, ಅದಕ್ಕೇ ನಾನು ಬೇಗ ಬೇಗ ಹೇಳಿ ಮುಗಿಸ್ತೀನಿ. ಮೊದಲ ಮಹಾಯುದ್ಧದ ಹೊತ್ತಿಗೆ ಲಂಡನ್ನಿನ ರೆವ್ಯೂ, ಮ್ಯೂಸಿಕಲ್‌ಗಳಲ್ಲಿ ಕಾಮಿಡಿ ಪಾತ್ರ. 1920ರಲ್ಲಿ ಆಫ್ಗಾರ್ ಅನ್ನೋ ಶೋ ಜೊತೆ ನ್ಯೂಯಾರ್ಕಿಗೆ. 1924ರಲ್ಲಿ ಅಲ್ಲಿನ ಜೀಗ್‌ಫೆಲ್ಡ್ ಫಾಲೀಸ್ ಅನ್ನೋ ಅದ್ದೂರಿ ಶೋ, 1925ರಲ್ಲಿ ಬ್ರಾಡ್ವೇನಲ್ಲೇ ಮಿಕಾಡೋ ಅನ್ನೋ ತಮಾಷೆ ಒಪೆರಾ, ಅದರಲ್ಲಿ ಕೋ-ಕೋ ಪಾತ್ರ, ಅಂದ್ರೆ ಒಬ್ಬರ ತಲೆಯನ್ನೂ ಕಡಿಯೋಕಾಗದ ತಲೆ ಕಡಿಯೋನು. ಆಮೇಲೆ ಎಜುಕೇಷನಲ್ ಪಿಕ್ಚರ್ಸ್ ಅನ್ನೋ ಕಂಪನಿಗೆ ಸಾಲಾಗಿ ಎರಡೆರಡು ರೀಲಿನ ಮೂಕಿ ಕಾಮಿಡಿಗಳು. (ಹೆಸರು ಹಾಗಿದ್ರೂ ಆ ಕಂಪನಿ ಜನರಿಗೆ ಕೊಟ್ಟಿದ್ದು ಹೆಚ್ಚಾಗಿ ತಮಾಷೆ.) ಅವುಗಳಲ್ಲಿ ಬಹಳಷ್ಟರಲ್ಲಿ ತಮ್ಮ ವ್ಯಾಲೇಸ್ ಲುಪಿನೋನೂ ಇದ್ದಾನೆ, ಇವನ ಕೈಲಿ ಒದೆ ತಿನ್ನೋಕೆ.

ಆ ಮೂಕಿಗಳನ್ನ ಈಗ ನೋಡಬಹುದು, ನೋಡಿದ್ದೀನಿ. ಅವನದೊಂದು ಟ್ರಿಕ್ ಇದೆ, ಅದನ್ನ ನಾನು ಹಿಂದಕ್ಕೆ ಹಾಕಿ ಹಾಕಿ ಎಷ್ಟು ಸಲ ನೋಡಿದೆನೋ. ಕಾಲು ಎರಡೂ ಕಡೆಗೆ ಜಾರಿ ಪೂರ್ತಿ ನೆಲಕ್ಕೆ ಹೋಗಿಬಿಡುತ್ತೆ, ಸರ್ಕಸ್ಸಲ್ಲಿ ಮಾಡ್ತಾರಲ್ಲ ಹಾಗೆ. ಅಲ್ಲಿವರೆಗೆ ಸರಿ, ಅದನ್ನ ಮಾಡೋರು ಇದ್ದಾರೆ. ಇವನು ಅಲ್ಲಿಂದ ಕೈ ಊರದೇ ಎದ್ದು ನಿಲ್ತಾನೆ. ತೊಡೆಯ ಬಲದಲ್ಲಿ ಎರಡು ಕಾಲೂ ಒಳಕ್ಕೆ ಸರಿದು ಬರುತ್ತೆ, ದಾರ ಕಟ್ಟಿ ಯಾರೋ ಮೇಲಿಂದ ಎತ್ತಿದ ಹಾಗೆ ಮೈ ಸಲೀಸಾಗಿ ಮೇಲೇರುತ್ತೆ, ಮುಖದಲ್ಲಿ ಮಾತ್ರ ಅಯ್ಯೋ ಇದೇನಾಯ್ತು ಅನ್ನೋ ಪೆದ್ದು ನೋಟ. ಮೈ ಹುಲಿ, ಮುಖ ಕುರಿ. ಚಾಪ್ಲಿನ್ನಿಗೂ ಕೀಟನ್ನಿಗೂ ಇವನಿಗೂ ಇದ್ದ ವ್ಯತ್ಯಾಸ ಅಲ್ಲೇ ಅನ್ಸುತ್ತೆ ನನಗೆ. ಅವರಿಬ್ಬರ ಮುಖ ನೋಡಿದ್ರೆ ಒಬ್ಬ ಮನುಷ್ಯನ ಪೂರ್ತಿ ಬದುಕು ಕಾಣುತ್ತೆ, ಲೇನ್ ಮುಖದಲ್ಲಿ ಆ ಕ್ಷಣಕ್ಕೆ ಬೇಕಾದ್ದು ಬಿಟ್ಟು ಇನ್ನೇನೂ ಇಲ್ಲ. ಅದಕ್ಕೇ ಜನ ಅವರನ್ನ ನೆನಪಿಟ್ಟುಕೊಂಡ್ರು, ಇವನ ಟ್ರಿಕ್ ನೋಡಿ ಬಾಯಿಬಿಟ್ಟು ಮನೆಗೆ ಹೋದ್ರು. 1929ರಲ್ಲಿ ಓನ್ಲಿ ಮಿ ಅಂತ ಒಂದು ಸಿನಿಮಾ ಮಾಡಿದ, ಒಂದು ನಾಟಕಶಾಲೆ, ಸ್ಟೇಜ್ ಮೇಲಿರೋರು, ನೋಡೋಕೆ ಬಂದೋರು, ಒಟ್ಟು 24 ಪಾತ್ರ, 24ರಲ್ಲೂ ಅವನೇ. ಡೈರೆಕ್ಟರ್ ಹೆಸರು ಹೆನ್ರಿ ಡಬ್ಲ್ಯು ಜಾರ್ಜ್ ಅಂತ ಬರುತ್ತೆ, ಅದೂ ಅವನೇ!

ಮಾತು ಬಂದ ಮೇಲೂ ಬೀದಿಗೇನೂ ಬೀಳಲಿಲ್ಲ. ಅದೇ 1929ರಲ್ಲಿ ಲೂಬಿಚ್‌ನ ದಿ ಲವ್ ಪೆರೇಡ್‌ನಲ್ಲಿ ಮೌರಿಸ್ ಶೆವಾಲಿಯೆಯ ಆಳಿನ ಪಾತ್ರ, ಲಿಲಿಯನ್ ರಾತ್ ಜೊತೆ ಹಾಡಿ ಕುಣಿದು ಉರುಳಾಡಿದ. ಯಜಮಾನನ ಪ್ರೇಮಕ್ಕಿಂತ ಆಳಿನ ಪ್ರೇಮವೇ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ, ಜಗಳ ಆಡೋರು ಕಾಮೆಂಟಲ್ಲಿ ಬನ್ನಿ. ಆದ್ರೆ ಅಲ್ಲಿ ಎಷ್ಟು ಮಾಡಿದ್ರೂ ಎರಡನೇ ಸಾಲೇ. 1930ರ ಹೊತ್ತಿಗೆ ವಾಪಸ್ ಲಂಡನ್, ಒಂದಷ್ಟು ಸ್ಟೇಜು, ಒಂದಷ್ಟು ಸಿನಿಮಾ ಡೈರೆಕ್ಷನ್. ಈ ಹಂತದಲ್ಲಿ ಅವನ ಕಥೆ ಮುಗಿದಿದ್ರೆ ಅಡಿಟಿಪ್ಪಣಿಯಲ್ಲಿ ಒಂದು ಸಾಲು ಸಿಗ್ತಿತ್ತು.

ಬಿಲ್ ಸ್ನಿಬ್ಸನ್

1935ರಲ್ಲಿ ಕೊಲಿಸಿಯಂನಲ್ಲಿ ಟ್ವೆಂಟಿ ಟು ಒನ್ ಅನ್ನೋ ಕುದುರೆ ರೇಸಿನ ಶೋ ಬಂತು. ಅದರಲ್ಲಿ ಬಿಲ್ ಸ್ನಿಬ್ಸನ್ ಅಂತ ಒಬ್ಬ ಕಾಕ್ನಿ, ಲಂಡನ್ ಬೀದಿಯ ಬಾಯಾಳಿ, ಬೌಲರ್ ಟೋಪಿ ಕಿವಿಯವರೆಗೆ ಇಳಿಸ್ಕೊಂಡು ಓಡಾಡೋ ಮನುಷ್ಯ. ಲೇನ್‌ಗೆ ಆ ಪಾತ್ರ ಎಷ್ಟು ಒಗ್ಗಿತು ಅಂದ್ರೆ ಅದೇ ಬಿಲ್‌ನ ಇಟ್ಕೊಂಡು ಇನ್ನೊಂದು ಕಥೆ ಮಾಡಿಸಿದ. ಅದೇ ಮಿ ಆಂಡ್ ಮೈ ಗರ್ಲ್. ಸಂಗೀತ ನೋಯೆಲ್ ಗೇ, ಕಥೆ ಹಾಡು ಡಗ್ಲಸ್ ಫರ್ಬರ್ ಮತ್ತು ಎಲ್. ಆರ್ಥರ್ ರೋಸ್, ನಿರ್ಮಾಣ ನಿರ್ದೇಶನ ನಟನೆ ಎಲ್ಲ ಲೇನ್. ಕಥೆ ಒಂದು ಸಾಲಲ್ಲಿ ಹೇಳಬಹುದು: ಲ್ಯಾಂಬೆತ್ ಅನ್ನೋ ಲಂಡನ್ನಿನ ಬಡವರ ಪೇಟೆಯ ಬೀದಿಯಲ್ಲಿ ಬೆಳೆದ ಬಿಲ್ ನಿಜಕ್ಕೂ ಹೇರ್‌ಫರ್ಡ್ ಅನ್ನೋ ಶ್ರೀಮಂತ ಮನೆತನದ ವಾರಸುದಾರ ಅಂತ ಗೊತ್ತಾಗುತ್ತೆ, ಆ ಮನೆಯವರು ಅವನಿಗೆ ಚಮಚ ಹಿಡಿಯೋದು ಕಲಿಸೋಕೆ ನೋಡ್ತಾರೆ, ಅವನ ಹುಡುಗಿ ಸ್ಯಾಲಿಯನ್ನ ಬಿಡಿಸೋಕೆ ನೋಡ್ತಾರೆ, ಎರಡೂ ಆಗಲ್ಲ.

ಬರಹದಲ್ಲಿ ಅಷ್ಟೇ. ಸ್ಟೇಜ್ ಮೇಲೆ ಆಗ್ತಿದ್ದಿದ್ದು ಬೇರೆ. ಪ್ರಭುಗಳು ಹಾಕ್ಕೊಳ್ಳೋ ತುಪ್ಪಳದ ಅಂಚಿನ ಉದ್ದನೆಯ ನಿಲುವಂಗಿ ಇದೆಯಲ್ಲ, ಅದನ್ನ ಬಿಲ್‌ಗೆ ಹೊದಿಸ್ತಾರೆ. ಕುಳ್ಳ ಮನುಷ್ಯ, ಮಾರುಗಟ್ಟಲೆ ಬಟ್ಟೆ. ಆಮೇಲೆ ನಡೆಯೋದು ಅವನಿಗೂ ಬಟ್ಟೆಗೂ ಯುದ್ಧ. ತುಳೀತಾನೆ, ಎಡವ್ತಾನೆ, ಅದರಲ್ಲೇ ಸುತ್ಕೋತಾನೆ, ಗತ್ತಿನಿಂದ ತಿರುಗೋಕೆ ಹೋದ್ರೆ ನಿಲುವಂಗಿ ಇನ್ನೊಂದು ಕಡೆಗೆ ತಿರುಗುತ್ತೆ. ಇದಕ್ಕೆ ಮಾತೇ ಬೇಕಿಲ್ಲ, ಆ ನಾಲ್ಕು ವರ್ಷದ ಮಗು ನೆಲದ ಕೆಳಗೆ ಕಲಿತಿದ್ದೇ ಇಲ್ಲಿ ಕೆಲಸಕ್ಕೆ ಬರ್ತಿರೋದು.

ಇಷ್ಟೆಲ್ಲ ಇದ್ರೂ ಶೋ ಮೊದಲು ಓಡಲಿಲ್ಲ. ವಿಕ್ಟೋರಿಯಾ ಪ್ಯಾಲೆಸ್ ಅಂದ್ರೆ ಮ್ಯೂಸಿಕ್ ಹಾಲ್ ಜಾಗ, ಹಾಡು ತಮಾಷೆಯ ಬಿಡಿ ಬಿಡಿ ಐಟಂ ನಡೆಯೋ ಅಗ್ಗದ ಥಿಯೇಟರ್, ಥಿಯೇಟರುಗಳೆಲ್ಲ ಒತ್ತೊತ್ತಾಗಿರೋ ಬೀದಿಗಳಿಂದ ಆಚೆಗಿತ್ತು, ರಾತ್ರಿಗೆ ಎರಡೆರಡು ಆಟ, ಪತ್ರಿಕೆಯವರು ಅಷ್ಟಾಗಿ ತಲೆ ಕೆಡಿಸ್ಕೊಳ್ಳಲಿಲ್ಲ. 1938ರ ಜನವರಿಯಲ್ಲಿ ಬಿಬಿಸಿಯವರ ಯಾವುದೋ ಕ್ರೀಡಾ ಕಾರ್ಯಕ್ರಮ ರದ್ದಾಯ್ತು. ಖಾಲಿ ಸಮಯ ತುಂಬಿಸಬೇಕಿತ್ತು. ಥಿಯೇಟರಿಗೆ ಮೈಕ್ ತಂದಿಟ್ಟು ನಡೀತಿದ್ದ ಆಟವನ್ನೇ ಲೈವ್ ಬಿಟ್ರು. ಅಲ್ಲಿಂದ ಟಿಕೆಟ್ ಸಿಗೋದು ನಿಂತುಹೋಯ್ತು!

ಇದನ್ನ ಓದಿದಾಗ ನನಗೆ ಥಟ್ ಅಂತ ನೆನಪಾಗಿದ್ದು ನಮ್ಮ ಸೋದರಮಾವನ ಮನೆಯ ಟೇಪ್ ರೆಕಾರ್ಡರ್. ಬೇಸಿಗೆ ರಜಾದಲ್ಲಿ ಹೋದ್ರೆ ರಾತ್ರಿ ಊಟ ಆದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ಮಾಸ್ಟರ್ ಹಿರಣ್ಣಯ್ಯನವರ ನಾಟಕದ ಕ್ಯಾಸೆಟ್ ಹಾಕೋರು. ಮಾತೆಲ್ಲ ಮಾವನಿಗೆ ಬಾಯಿಗೇ ಬರ್ತಿತ್ತು, ಹಿರಣ್ಣಯ್ಯನವರಿಗಿಂತ ಅರ್ಧ ಸೆಕೆಂಡ್ ಮೊದಲೇ ಹೇಳಿಬಿಡೋರು, ಅತ್ತೆ ಒಳಗಿಂದ "ರೀ ಸುಮ್ನೆ ಕೇಳಿಸ್ಕೊಳ್ಳೋಕೆ ಬಿಡ್ರೀ" ಅನ್ನೋರು. ಆದ್ರೆ ನನಗೆ ಕುತೂಹಲ ಇದ್ದಿದ್ದು ಮಾತಿನ ಮೇಲಲ್ಲ. ಅಲ್ಲಲ್ಲಿ ಯಾರೂ ಏನೂ ಮಾತಾಡದೆ ಜನ ಹೋ ಅಂತ ನಗ್ತಿದ್ರಲ್ಲ, ಅದು. ಏನ್ ಮಾಡಿದ್ರು ಮಾವ ಈಗ? "ಏನೋ ಮುಖ ಮಾಡಿರ್ತಾರೆ ಕಣೋ." ಎಂಥ ಮುಖ? "ನನಗೇನೋ ಗೊತ್ತು, ನಾನೇನು ಅಲ್ಲಿದ್ದೆನಾ." ಕತ್ತಲಲ್ಲಿ ಮಲಗಿ ನಾನು ಒಂದೊಂದಾಗಿ ಮುಖ ಮಾಡಿ ನೋಡ್ತಿದ್ದೆ, ಯಾವುದಕ್ಕೆ ಅಷ್ಟು ಜನ ನಕ್ಕಿರಬಹುದು ಅಂತ. ಪಕ್ಕದಲ್ಲಿ ಮಲಗಿದ್ದ ಮಾವನ ಮಗ ಹೆದರಿಕೊಂಡು ಅತ್ತೆಗೆ ದೂರು ಹೇಳಿದ್ದೂ ಉಂಟು.

1938ರ ಆ ಜನವರಿ ದಿನ ಬ್ರಿಟನ್ನಿನ ಸಾವಿರಾರು ಮನೆಗಳಲ್ಲಿ ಹೀಗೇ ಆಗಿರಬೇಕು ಅಂತ ನನ್ನ ಊಹೆ. ಹಾಡು ಕೇಳಿಸಿತು, "ಓಯ್" ಕೇಳಿಸಿತು, ನಿಲುವಂಗಿ ಮಾತ್ರ ಕಾಣಲಿಲ್ಲ. ಏನೋ ದಬ್ ಅಂತು, ಥಿಯೇಟರಿಗೆ ಥಿಯೇಟರೇ ಕಿರುಚಿತು. ಏನ್ರೀ ಆಯ್ತು ಅಲ್ಲಿ? ಗೊತ್ತಾಗಬೇಕಾದ್ರೆ ವಿಕ್ಟೋರಿಯಾಗೆ ಹೋಗಬೇಕು. ಲೇನ್ ಆ ಹೊತ್ತಿಗಾಗಲೇ ಕ್ಯಾಮೆರಾ ಮುಂದೆ ನೂರಾರು ಸಲ ಬಿದ್ದಿದ್ದ, ಜನ ಪುಕ್ಕಟೆ ಅನ್ನೋ ಹಾಗೆ ನೋಡಿ ನಕ್ಕು ಮರೆತಿದ್ರು. ಪೂರ್ತಿ ತೋರಿಸಿದಾಗ ಆಗದೇ ಇದ್ದಿದ್ದು, ಮುಚ್ಚಿಟ್ಟಾಗ ಆಯ್ತು. ಈಗಿನ ಟ್ರೇಲರ್‌ಗಳಲ್ಲಿ ಸಿನಿಮಾದ ಎಲ್ಲ ಜೋಕನ್ನೂ ಸುರಿದುಬಿಡೋರು ಒಂದು ನಿಮಿಷ ಇದನ್ನ ಯೋಚಿಸಿದ್ರೆ ನಮಗೂ ಒಳ್ಳೇದು.

ಓಯ್

ಆಮೇಲೆ ಬಂದಿದ್ದು ಹುಚ್ಚು. ಲ್ಯಾಂಬೆತ್ ವಾಕ್ ಅಂದ್ರೆ ಈ ಶೋನಲ್ಲಿ ಲ್ಯಾಂಬೆತ್‌ನ ಬೀದಿ ಜನ ಶ್ರೀಮಂತರ ಮನೆಗೆ ನುಗ್ಗಿ ಕುಣಿಯೋ ಹಾಡು, ಕೊನೆಗೆ ಶ್ರೀಮಂತರೂ ಮೊಣಕೈ ಬೀಸ್ಕೊಂಡು ಸೇರ್ಕೋತಾರೆ. ಸ್ಟೇಜ್ ಮೇಲಿನ ಆ ಗತ್ತಿನ ನಡಿಗೆ ಮನೆಮನೆಗೆ ಹೋಗೋ ಹಾಗಿರಲಿಲ್ಲ, ಯಾಕಂದ್ರೆ ಲೇನ್ ಮಾಡೋದನ್ನ ಲೇನ್ ಮಾತ್ರ ಮಾಡಬಹುದು. ಲೊಕಾರ್ನೋ ಡ್ಯಾನ್ಸ್ ಹಾಲ್‌ಗಳ ಕಂಪನಿ ನಡೆಸ್ತಿದ್ದ ಸಿ. ಎಲ್. ಹೈಮನ್, ಸ್ಟ್ರೆಥಮ್‌ನ ತನ್ನ ಹಾಲಿನ ನೃತ್ಯಗಾತಿ ಅಡೆಲ್ ಇಂಗ್ಲೆಂಡ್ ಕೈಲಿ ಅದನ್ನ ಸಾಮಾನ್ಯರೂ ಕುಣಿಯೋ ಹಾಗೆ ಸರಳ ಮಾಡಿಸಿದ. ನನ್ನ ಮಗಳು ಎರಡು ಸುತ್ತಲ್ಲಿ ಕಲಿತಿದ್ದು ಅದರ ಮೊಮ್ಮಗು. ಒಂದೇ ವರ್ಷದೊಳಗೆ ದೇಶದಲ್ಲೆಲ್ಲ, ಯುರೋಪಲ್ಲೆಲ್ಲ, ಸಮುದ್ರದಾಚೆ ಅಮೆರಿಕದಲ್ಲೂ. ರಾಜ ಆರನೇ ಜಾರ್ಜ್ ಮತ್ತು ರಾಣಿ ಎಲಿಜಬೆತ್ ಆಟ ನೋಡೋಕೆ ಬಂದು ತಾವೂ "ಓಯ್" ಅಂದ್ರು. ಜನಸಾಮಾನ್ಯರ ದಿನಚರಿ ಬರೆದಿಟ್ಟುಕೊಳ್ತಿದ್ದ ಮಾಸ್ ಅಬ್ಸರ್ವೇಷನ್ ತಂಡದವರು ಇದೇನಿದು ಅಂತ ಅಧ್ಯಯನಕ್ಕೇ ಕೂತ್ರು, ಲೇನ್‌ನ್ನೂ ಮಾತಾಡಿಸಿದ್ರು. ಅವನು ಹೇಳಿದ್ದು ಸಿಂಪಲ್: ನಾನೂ ಕಾಕ್ನಿನೇ, ಕಾಕ್ನಿಗಳು ಹೇಗೆ ಎದೆಯುಬ್ಬಿಸಿ ನಡೀತಾರೋ ಅದನ್ನೇ ಸ್ವಲ್ಪ ಜಾಸ್ತಿ ಮಾಡಿ ತೋರಿಸಿದೆ, ಅಷ್ಟೇ.

1938 ಅಂದ್ರೆ ಮ್ಯೂನಿಕ್ ವರ್ಷ, ಹಿಟ್ಲರ್ ಜೊತೆ ಒಪ್ಪಂದ ಮಾಡ್ಕೊಂಡು ಯುದ್ಧ ತಪ್ಪಿಸೋಕೆ ನೋಡಿದ ವರ್ಷ. ಸರ್ವಾಧಿಕಾರಿಗಳು ಕೂಗಾಡ್ತಾ ಇದ್ದಾರೆ, ಮಂತ್ರಿಗಳು ಮಾತಾಡ್ತಾ ಇದ್ದಾರೆ, ಯುರೋಪ್ ಇದನ್ನ ಕುಣೀತಾ ಇದೆ ಅನ್ನೋ ಅರ್ಥದಲ್ಲಿ ದಿ ಟೈಮ್ಸ್ ಪತ್ರಿಕೆ ಬರೆದಿತ್ತು. ನಾಜಿ ಪಕ್ಷದ ಕಡೆಯಿಂದ ಇದು ಯಹೂದಿಗಳ ಕಿತಾಪತಿ, ಪ್ರಾಣಿಗಳ ನೆಗೆದಾಟ ಅನ್ನೋ ಬೈಗುಳ ಬಂತು. ಅದಕ್ಕೆ ಸರಿಯಾದ ಉತ್ತರ ಬಂದಿದ್ದು ಯುದ್ಧದ ನಡುವೆ. ಚಾರ್ಲ್ಸ್ ರಿಡ್ಲಿ ಅನ್ನೋರು ಲೆನಿ ರೀಫೆನ್‌ಸ್ಟಾಲ್ ತೆಗೆದಿದ್ದ ನಾಜಿ ಪರೇಡಿನ ದೃಶ್ಯಗಳನ್ನ ಕತ್ತರಿಸಿ, ಮುಂದಕ್ಕೆ ಹಿಂದಕ್ಕೆ ಓಡಿಸಿ, ಹಿಂದೆ ಈ ಹಾಡು ಹಾಕಿದ್ರು. ಸೈನಿಕರು ಕಾಲೆತ್ತಿ ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಹಿಟ್ಲರ್ ಕೈ ಎತ್ತಿ ಇಳಿಸಿ ತಾಳ ಹಾಕ್ತಾನೆ. ಈಗ ನಾವು ರಾಜಕಾರಣಿಗಳ ವಿಡಿಯೋಗೆ ಹಾಡು ಹಾಕಿ ವಾಟ್ಸಾಪಲ್ಲಿ ಓಡಿಸ್ತೀವಲ್ಲ, ಅದರ ಮುತ್ತಜ್ಜ ಇದೇ ಇರಬೇಕು.

ಆಟ ಮಾತ್ರ ನಡೀತಾನೇ ಇತ್ತು. 1939ರ ಮೇ ತಿಂಗಳಲ್ಲಿ ಬಿಬಿಸಿ ಟೆಲಿವಿಷನ್ ಥಿಯೇಟರಿಂದಲೇ ಇದನ್ನ ಲೈವ್ ತೋರಿಸಿತು, ಟಿವಿ ಇದ್ದ ಮನೆಗಳೇ ಆಗ ಎಷ್ಟಿದ್ವು ಹೇಳಿ. ಸೆಪ್ಟೆಂಬರ್ 1ಕ್ಕೆ ಯುದ್ಧದ ಕಾರಣ ಟಿವಿ ಬಂದ್, ಎರಡು ದಿನ ಆದ ಮೇಲೆ ಥಿಯೇಟರೂ ಬಂದ್, ಥಿಯೇಟರ್ ಮತ್ತೆ ತೆಗೆದಾಗ ಮತ್ತೆ ಬಿಲ್. ಒಟ್ಟು 1,646 ಪ್ರದರ್ಶನ. ನಾನು ಈ ಸಂಖ್ಯೆಯನ್ನ ನಿಲುವಂಗಿ ಕಡೆಯಿಂದ ನೋಡ್ತೀನಿ. ನಲವತ್ತೈದು ದಾಟಿದ ಮೈ, ಸಂಜೆಗೆ ಎರಡು ಸಲ, ಅದೇ ಜಾಗದಲ್ಲಿ ಅದೇ ಥರ ಬೀಳಬೇಕು, ಅದು ಇವತ್ತೇ ಮೊದಲ ಸಲ ಆಗ್ತಿದೆ ಅನ್ನೋ ಹಾಗೆ ಬೀಳಬೇಕು. ನೆಗಡಿ ಇದ್ರೂ ಬೀಳಬೇಕು. ಮೊಣಕಾಲು ಊದಿದ್ರೂ ಅಷ್ಟೇ. ಮೊದಲ ಆಟದಲ್ಲಿ ಬಿದ್ದ ನೋವು ಇಳಿಯೋ ಮೊದಲೇ ಎರಡನೇ ಆಟದ ಜನ ಕೂತಾಗಿರುತ್ತೆ.

ಗೇಯ್ಟಿ

ಆಮೇಲಿನ ವರ್ಷಗಳನ್ನ ಬರೆಯೋರು ಸಾಮಾನ್ಯವಾಗಿ ಸ್ವಲ್ಪ ಕನಿಕರದಿಂದ ಬರೀತಾರೆ. ಒಂದೇ ಪಾತ್ರಕ್ಕೆ ಸಿಕ್ಕಿಹಾಕ್ಕೊಂಡ, 1942ರಲ್ಲಿ ಮತ್ತೆ ಟ್ವೆಂಟಿ ಟು ಒನ್, 1945ರಲ್ಲಿ ಮತ್ತೆ ಮಿ ಆಂಡ್ ಮೈ ಗರ್ಲ್, 1949ರಲ್ಲಿ ಮತ್ತೊಮ್ಮೆ, ನಡುವೆ ಬಂದ ಹೊಸ ಶೋಗಳು ಅಷ್ಟು ಎತ್ತರಕ್ಕೆ ಹೋಗಲಿಲ್ಲ ಅಂತ. ನನಗೆ ಈ ಕನಿಕರ ಹಿಡಿಸಲ್ಲ. ಅವನು ಬರೀ ನಟ ಆಗಿರಲಿಲ್ಲ, ತಾನೇ ದುಡ್ಡು ಹಾಕಿ ಕಂಪನಿ ನಡೆಸ್ತಿದ್ದ ಯಜಮಾನ, ಓಡೋ ಆಟ ಬಿಟ್ಟು ಓಡದ ಆಟ ಹಿಡಿಯೋಕೆ ಅವನಿಗೇನು ಹುಚ್ಚೇ? ಐವತ್ತು ವರ್ಷ ಬಿದ್ದಿದ್ದಕ್ಕೆ ಸಿಕ್ಕಿದ ಒಂದೇ ಒಂದು ಗಟ್ಟಿ ಆಸ್ತಿ ಬಿಲ್. 1945ರಲ್ಲಿ ಹಾಸ್ಯನಟ ಆಗೋದು ಹೇಗೆ ಅಂತ ಪುಸ್ತಕಾನೂ ಬರೆದ, ಅಂದ್ರೆ ತನ್ನ ಕಸುಬು ಏನು ಅನ್ನೋದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಅದೇ 1945ರಲ್ಲಿ ಅವನು ಮಾಡಿದ ಇನ್ನೊಂದು ಕೆಲಸದ ಮೇಲೆ ನನಗೆ ತಕರಾರಿದೆ. ಗೇಯ್ಟಿ ಥಿಯೇಟರನ್ನ ಕೊಂಡ. ಗೇಯ್ಟಿ ಅಂದ್ರೆ ಮ್ಯೂಸಿಕಲ್ ಕಾಮಿಡಿಯ ತವರುಮನೆ, ಜಾರ್ಜ್ ಎಡ್ವರ್ಡ್ಸ್ ಅನ್ನೋ ಮ್ಯಾನೇಜರ್ 1890ರ ದಶಕದಲ್ಲಿ ಗೇಯ್ಟಿ ಹುಡುಗಿಯರನ್ನ ಸಾಲಾಗಿ ನಿಲ್ಲಿಸಿ ಈ ಪ್ರಕಾರಕ್ಕೇ ಒಂದು ರೂಪ ಕೊಟ್ಟ ಹೆಸರು ಅದು. ಹಳೇ ಕಟ್ಟಡ ಹೋಗಿ 1903ರಲ್ಲಿ ಆಲ್ಡ್ವಿಚ್ ಮೂಲೆಯಲ್ಲಿ ಹೊಸದು ಎದ್ದಿತ್ತು. 1939ರಲ್ಲಿ ಮುಚ್ಚಿತ್ತು, ಯುದ್ಧದಲ್ಲಿ ಬಾಂಬ್ ಬಿದ್ದು ಇನ್ನಷ್ಟು ಹಾಳಾಗಿತ್ತು. ಲೇನ್ ಆ ಪಾಳುಕಟ್ಟಡವನ್ನ ಎರಡು ಲಕ್ಷ ಪೌಂಡ್ ಕೊಟ್ಟು ತಗೊಂಡ, ರಿಪೇರಿ ಮಾಡಿ ಮ್ಯೂಸಿಕಲ್ ಕಾಮಿಡಿಗೆ ಮತ್ತೆ ಮನೆ ಮಾಡ್ತೀನಿ ಅಂತ. ಮನೆ ಕಟ್ಟಿಸಿದ ಯಾರನ್ನ ಬೇಕಾದ್ರೂ ಕೇಳಿ, ಹಳೇ ಗೋಡೆ ರಿಪೇರಿಗೆ ಕೈ ಹಾಕಿದ್ರೆ ಏನಾಗುತ್ತೆ ಅಂತ. ಆಗಲಿಲ್ಲ. 1950ರಲ್ಲಿ ಮಾರಿಬಿಟ್ಟ, ಆ ದಶಕ ಮುಗಿಯೋಷ್ಟರಲ್ಲಿ ಕಟ್ಟಡವನ್ನ ಕೆಡವಿದ್ರು. ಈಗ ಆ ಮೂಲೆಯಲ್ಲಿ ದೊಡ್ಡ ಹೋಟೆಲ್ ಇದೆ, ಆಫೀಸಿನ ಕ್ರಿಸ್‌ಮಸ್ ಊಟಕ್ಕೆ ಆ ಕಡೆ ಹೋದಾಗ ಎದುರು ಫುಟ್‌ಪಾತಲ್ಲಿ ನಿಂತು ನೋಡಿದ್ದೀನಿ, ಮ್ಯೂಸಿಕಲ್ ಕಾಮಿಡಿ ಅನ್ನೋದು ಅಲ್ಲಿ ಹುಡುಕಿದ್ರೂ ಸಿಗಲ್ಲ.

ನನ್ನ ತಕರಾರು ದುಡ್ಡು ಕಳ್ಕೊಂಡ ಅಂತಲ್ಲ. ತನ್ನನ್ನ ಮೇಲಕ್ಕೆ ಎತ್ತಿದ್ದು ಎಲ್ಲೋ ಮೂಲೆಯ ಮ್ಯೂಸಿಕ್ ಹಾಲು, ರಾತ್ರಿಗೆ ಎರಡಾಟದ ಅಗ್ಗದ ಟಿಕೆಟ್ಟು, ಅಕಸ್ಮಾತ್ ಬಂದ ರೇಡಿಯೋ. ಗೇಯ್ಟಿಯ ಮೆರುಗಿಗೂ ಬಿಲ್ ಸ್ನಿಬ್ಸನ್ನಿಗೂ ಏನೂ ಸಂಬಂಧ ಇರಲಿಲ್ಲ. ಆದ್ರೂ ಕೈಲಿ ದುಡ್ಡು ಬಂದಾಗ ಬೇಕಾಗಿದ್ದು ಗೇಯ್ಟಿನೇ. ನಾಟಕದಲ್ಲಿ ದಿನಾ ಎರಡು ಸಲ ಪ್ರಭುವಿನ ನಿಲುವಂಗಿ ಹಾಕ್ಕೊಂಡು ಅದನ್ನ ಗೇಲಿ ಮಾಡಿದವನು, ಅದನ್ನೇ ಹೊರಗಡೆ ಸೀರಿಯಸ್ಸಾಗಿ ಹಾಕ್ಕೊಳ್ಳೋಕೆ ಹೋದ. ಹೀಗೆ ಹೇಳೋದು ಸುಲಭ ಅಂತಾನೂ ಗೊತ್ತು. ಚಿಕ್ಕಂದಿನಲ್ಲಿ ಆ ಗೇಯ್ಟಿಯ ಹೆಸರು ಕೇಳ್ಕೊಂಡೇ ಬೆಳೆದ ನಾಟಕದ ಮನೆ ಹುಡುಗನಿಗೆ ಅದು ಬಿದ್ದಿರೋದನ್ನ ನೋಡ್ಕೊಂಡು ಸುಮ್ಮನಿರೋಕೆ ಆಗ್ತಿತ್ತಾ?

ಯಾರಿಗೆ ಏನು ಉಳೀತು

1959ರ ನವೆಂಬರಲ್ಲಿ ಲೇನ್ ತೀರಿಕೊಂಡ. ಮಿ ಆಂಡ್ ಮೈ ಗರ್ಲ್ ಆಮೇಲೆ ಬಹಳ ವರ್ಷ ಪೆಟ್ಟಿಗೆಯಲ್ಲೇ ಇತ್ತು. ಅದನ್ನ ಎತ್ತಿದ್ದು ನೋಯೆಲ್ ಗೇ ಮಗ ರಿಚರ್ಡ್ ಆರ್ಮಿಟೇಜ್, ಅಪ್ಪನ ಹಾಡುಗಳು ಸಾಯಬಾರದು ಅಂತ ಹಟ ಹಿಡಿದು. ಸ್ಟೀಫನ್ ಫ್ರೈ ಕೈಲಿ ಮಾತು ತಿದ್ದಿಸಿ, ರಾಬರ್ಟ್ ಲಿಂಡ್ಸೆಯನ್ನ ಬಿಲ್ ಮಾಡಿ, ಎಮ್ಮಾ ಥಾಂಪ್ಸನ್‌ನ ಸ್ಯಾಲಿ ಮಾಡಿ, 1985ರಲ್ಲಿ ಅಡೆಲ್ಫಿ ಥಿಯೇಟರಿಗೆ ತಂದ್ರು, 1993ರವರೆಗೆ ಓಡಿತು. ಲಿಂಡ್ಸೆಗೆ ಒಲಿವಿಯೆ ಪ್ರಶಸ್ತಿ, ಬ್ರಾಡ್ವೇಗೆ ಹೋಗಿ ಟೋನಿ. ಸಂಗೀತ ಬರೆದವನ ಮಗನಿಗೆ ಹಾಡು ಆಸ್ತಿಯಾಗಿ ಬರುತ್ತೆ, ಕಾಗದ ಇದೆ, ರಾಯಲ್ಟಿ ಇದೆ. ನಿಲುವಂಗಿಯಲ್ಲಿ ಹೇಗೆ ಬಿದ್ದ ಅನ್ನೋದಕ್ಕೆ ಯಾವ ರಿಜಿಸ್ಟ್ರಾರ್ ಆಫೀಸಿದೆ?

ಆದ್ರೂ ಲೇನ್‌ಗೂ ಒಬ್ಬ ಮಗ ಇದ್ದ, ಲಾರಿ ಲುಪಿನೋ ಲೇನ್, ಅವನೂ ಅದೇ ಕಸುಬು. ಅವನು ಜಾರ್ಜ್ ಟ್ರುಝ್ಝಿ ಜೊತೆ ಮಾಡ್ತಿದ್ದ ಆಟ ಅಂದ್ರೆ ಗೋಡೆಗೆ ಕಾಗದ ಅಂಟಿಸೋದು: ಏಣಿ, ಬಕೆಟ್ಟು ತುಂಬ ಗೋಂದು, ಉದ್ದನೆ ಬ್ರಷ್ಷು, ಇನ್ನು ಏನೇನಾಗುತ್ತೆ ಅಂತ ಹೇಳಬೇಕಾಗಿಲ್ಲ. 1957ರಲ್ಲಿ ಚಾಪ್ಲಿನ್ ಎ ಕಿಂಗ್ ಇನ್ ನ್ಯೂಯಾರ್ಕ್ ಮಾಡಿದಾಗ ಈ ಇಬ್ಬರನ್ನ ಕರೆಸಿ ಆ ಆಟವನ್ನ ಹಾಗೇ ಇಟ್ಟ. ಚಾಪ್ಲಿನ್ ಹುಡುಗನಾಗಿ ಅಲೆದಿದ್ದು ಅದೇ ಲ್ಯಾಂಬೆತ್ ಬೀದಿಗಳಲ್ಲಿ ಅನ್ನೋದು ನಿಮಗೆ ಗೊತ್ತೇ ಇದೆ. ಸಿನಿಮಾದಲ್ಲಿ ಅವನು ದೇಶ ಬಿಟ್ಟು ಬಂದ ರಾಜ, ವಯಸ್ಸು ಮುಚ್ಚೋಕೆ ಮುಖಕ್ಕೆ ಆಪರೇಷನ್ ಮಾಡಿಸ್ಕೊಂಡಿದ್ದಾನೆ, ಹೊಲಿಗೆ ಇನ್ನೂ ಹಸಿ, ನಗಬಾರದು. ನೈಟ್‌ಕ್ಲಬ್ಬಲ್ಲಿ ಕೂತಿದ್ದಾನೆ. ಸ್ಟೇಜ್ ಮೇಲೆ ಲಾರಿ ಗೋಂದಿನ ಜೊತೆ ಗುದ್ದಾಡ್ತಿದ್ದಾನೆ. ಸುತ್ತ ಎಲ್ಲರೂ ಬಿದ್ದು ಬಿದ್ದು ನಗ್ತಿದ್ದಾರೆ, ರಾಜ ಮುಖ ಬಿಗಿ ಹಿಡಿದು ತಡ್ಕೊಂಡು ತಡ್ಕೊಂಡು ಕೊನೆಗೆ ನಕ್ಕುಬಿಡ್ತಾನೆ, ಹೊಲಿಗೆ ಬಿಟ್ಟೇಹೋಗುತ್ತೆ. ನನ್ನ ಮಗಳಿಗೆ ಆ ತುಣುಕು ತೋರಿಸಿದೆ. ಅವಳು ನಕ್ಕಿದ್ದು ಚಾಪ್ಲಿನ್ನಿಗಲ್ಲ, ಗೋಂದಿಗೆ. ಇನ್ನೊಂದ್ಸಲ ಹಾಕಪ್ಪ ಅಂದ್ಲು.